ಹರಿಹರದ ಹಿಜಾಬ್ ಗಲಾಟೆ ಮತ್ತು ಒಂದು ಫ್ರೆಂಚ್ ಕಾದಂಬರಿ: 'ನಾನು ಯಾರು' ಅಂತ ಹೇಳಬೇಕಾದವರು ಯಾರು?

2022ರ ಫೆಬ್ರವರಿ 8ರಂದು ಹರಿಹರದ ಕಾಲೇಜಿನ ಬಳಿ ಕಲ್ಲು ತೂರಾಟವಾಯ್ತು, ನಿಷೇಧಾಜ್ಞೆ ಬಂತು. ಹಿಜಾಬ್ ಬೇಕೋ ಬೇಡವೋ ಅಂತ ಇಡೀ ರಾಜ್ಯ ಮಾತಾಡ್ತು. ಆ ಹುಡುಗಿಯರು ಏನು ಓದ್ತಿದ್ರು, ಮುಂದೆ ಏನಾಗಬೇಕು ಅಂದ್ಕೊಂಡಿದ್ರು ಅಂತ ಕೇಳಿದವರು ಕಡಿಮೆ.

ಫ್ರಾನ್ಸಿನಲ್ಲಿ ಈ ಜಗಳ ಹಳೆಯದು. ಸರ್ಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಗುರುತುಗಳನ್ನು ನಿಷೇಧಿಸುವ ಕಾನೂನು ಅಲ್ಲಿ ಬಂದಿದ್ದು 2004ರಲ್ಲಿ. ಅದೇ ವರ್ಷ, ಅಲ್ಜೀರಿಯಾ ಮೂಲದ 19ರ ಹುಡುಗಿ ಫಯೀಜಾ ಗೆನ್ ತನ್ನ ಮೊದಲ ಕಾದಂಬರಿ 'ಕಿಫ್ ಕಿಫ್ ದಮ್ಯಾಂ' ಪ್ರಕಟಿಸಿದರು.

ಅದರ ನಾಯಕಿ ದೊರಿಯಾಗೆ 15 ವರ್ಷ. ಗಂಡುಮಗು ಬೇಕು ಅಂತ ಅಪ್ಪ ಮೊರಾಕ್ಕೊಗೆ ಹೋಗಿ ಇನ್ನೊಂದು ಮದುವೆಯಾಗ್ತಾನೆ. ಅಮ್ಮ ಹೋಟೆಲಿನಲ್ಲಿ ಕ್ಲೀನಿಂಗ್ ಕೆಲಸ ಮಾಡ್ತಾಳೆ. 'ಮುಸ್ಲಿಂ ಹುಡುಗಿಯ ಸಮಸ್ಯೆ' ಅಂತ ಟಿವಿಯವರು ಹೇಳೋದೇ ಬೇರೆ, ದೊರಿಯಾಳ ಚಿಂತೆಗಳೇ ಬೇರೆ: ದುಡ್ಡು, ಶಾಲೆ, ಅಮ್ಮನ ದಣಿವು. ಶೀರ್ಷಿಕೆಯಲ್ಲೇ ಒಂದು ಆಟ ಇದೆ. 'ಕಿಫ್ ಕಿಫ್' ಅಂದ್ರೆ 'ಎಲ್ಲಾ ಒಂದೇ', ನಾಳೆಯೂ ಇದೇ ಪಾಡು. ಅದೇ ಪದವನ್ನು ಸ್ವಲ್ಪ ಬದಲಿಸಿ ಬರೆದರೆ, ನಾಳೆಯನ್ನು ಇಷ್ಟಪಡು ಅಂತಾಗುತ್ತೆ.

2022ರಲ್ಲಿ ನೊಬೆಲ್ ಪಡೆದ ಆನಿ ಎರ್ನೋ ಕೂಡ ಹುಡುಕಿದ್ದು ಇದನ್ನೇ. ಹಳ್ಳಿಗಾಡಿನ ಪಟ್ಟಣದ ಕಿರಾಣಿ ಅಂಗಡಿಯವರ ಮಗಳು, ಓದಿದ ಮೇಲೆ ಮನೆಯ ಮಾತಿಗೂ ಹೊಸ ಮಾತಿಗೂ ನಡುವೆ ಸಿಕ್ಕಿಕೊಂಡಿದ್ದನ್ನು ಬರೆದರು. ದಾವಣಗೆರೆಯ ಮಂಡಕ್ಕಿ ಭಟ್ಟಿ ಓಣಿಯಿಂದ ಡಿಗ್ರಿಗೆ ಹೋಗುವ ಹುಡುಗಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡದಲ್ಲಿ ಬಾನು ಮುಷ್ತಾಕ್ ಇದ್ದಾರೆ. 2025ರ ಅಂತಾರಾಷ್ಟ್ರೀಯ ಬೂಕರ್ ಗೆದ್ದ 'ಹಾರ್ಟ್ ಲ್ಯಾಂಪ್' ಸಂಕಲನದ ಶೀರ್ಷಿಕೆ ಕತೆಯ ಮೆಹರುನ್‌ಳನ್ನು ಗಂಡನೂ ಬಿಡ್ತಾನೆ, ತವರೂ ಇಟ್ಟುಕೊಳ್ಳಲ್ಲ. ಸಾಯಲು ಹೊರಟವಳನ್ನು ತಡೆಯೋದು ಅವಳ ಮಗಳು.

ಬಟ್ಟೆಯ ಪ್ರಶ್ನೆ ಚಿಕ್ಕದು ಅಂತ ನಾನು ಹೇಳ್ತಿಲ್ಲ. ಅದಕ್ಕಾಗಿ ತರಗತಿ ಕಳೆದುಕೊಂಡವರಿಗೆ ಅದು ಬದುಕಿನ ಪ್ರಶ್ನೆಯೇ. ಆದರೆ ಸರ್ಕಾರ, ಗುಂಪು, ಮನೆ ಮೂರೂ ಹೆಣ್ಣಿನ ಗುರುತನ್ನು ಹೌದು ಅಥವಾ ಇಲ್ಲ ಅನ್ನೋ ಒಂದೇ ಉತ್ತರಕ್ಕೆ ಇಳಿಸುತ್ತವೆ. ಈ ಕತೆಗಳು ಅವಳಿಗೆ ಪೂರ್ತಿ ವಾಕ್ಯ ಹೇಳಲು ಬಿಡುತ್ತವೆ. ಹರಿಹರದ ಆ ಹುಡುಗಿಯರಲ್ಲಿ ಒಬ್ಬಳು ತನ್ನ ಕತೆಯನ್ನು ತಾನೇ ಬರೆದಾಗ, ಅದರ ಮೊದಲ ಪುಟದಲ್ಲಿ ಹಿಜಾಬ್ ಇರಲೇಬೇಕು ಅಂತ ನಾವು ನಿರೀಕ್ಷಿಸದಿದ್ದರೆ ಸಾಕು.