ಭೂಮಿಗೆ ಸುತ್ತಿದ ಹಗ್ಗವೂ ಶಾಲೆಯ ಓಟದ ಮೈದಾನವೂ

ಲೇಪಾಕ್ಷಿಗೆ ಹೋದ ಹಿಂದೂಪುರದ ಮಕ್ಕಳು ಅಲ್ಲಿನ ತೂಗುಕಂಬದ ಅಡಿಯಲ್ಲಿ ಬಟ್ಟೆ ತೂರಿಸಿ ನೋಡದೆ ಹಿಂದಿರುಗುವುದು ಅಪರೂಪ. ಕಂಬಕ್ಕೂ ನೆಲಕ್ಕೂ ನಡುವಿನ ಆ ಕಿರಿದಾದ ಸಂದು ಅವರಿಗೆ ಮಹದಾಶ್ಚರ್ಯ. ಗಣಿತದಲ್ಲಿಯೂ ಅಂಥದೊಂದು ಸಂದಿನ ಸೋಜಿಗವಿದೆ. ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಅದನ್ನು ಓದುಗರ ಮುಂದಿಡುತ್ತಿದ್ದೇನೆ.

ಭೂಮಿಯನ್ನು ನುಣುಪಾದ ಗೋಳವೆಂದು ಭಾವಿಸಿ, ಸಮಭಾಜಕ ವೃತ್ತದ ಮೇಲೆ ಹಗ್ಗವೊಂದನ್ನು ಬಿಗಿಯಾಗಿ ಸುತ್ತೋಣ. ಅದರ ಉದ್ದ ಸುಮಾರು 40,075 ಕಿಲೋಮೀಟರ್, ಎಂದರೆ ನಾಲ್ಕು ಕೋಟಿ ಮೀಟರಿಗೂ ಮಿಗಿಲು. ಇದಕ್ಕೆ ಒಂದೇ ಒಂದು ಮೀಟರ್ ಸೇರಿಸಿ, ಎಲ್ಲೆಡೆಯೂ ಸಮನಾಗಿ ಎತ್ತಿ ಹಿಡಿದರೆ ನೆಲಕ್ಕೂ ಹಗ್ಗಕ್ಕೂ ಎಷ್ಟು ಅಂತರ ಬಂದೀತು? ಕೂದಲೆಳೆಯಷ್ಟೂ ಬಾರದೆಂದು ತೋರುತ್ತದೆ. ನಿಜವಾದ ಉತ್ತರ ಸುಮಾರು 16 ಸೆಂಟಿಮೀಟರ್! ಬೆಕ್ಕಿನ ಮರಿ ನಿರಾತಂಕವಾಗಿ ನುಸುಳಬಹುದು. ಒಂದು ಮೀಟರ್ ಸುತ್ತಳತೆಯ ಕೊಡಕ್ಕೆ ಸುತ್ತಿದ ಹಗ್ಗಕ್ಕೆ ಒಂದು ಮೀಟರ್ ಸೇರಿಸಿದರೂ ಅಂತರ ಅದೇ 16 ಸೆಂಟಿಮೀಟರ್.

ಇದಕ್ಕೆ ಕಾರಣವೇನು? ವೃತ್ತದ ಪರಿಧಿಯು ತ್ರಿಜ್ಯದ 6.28ರಷ್ಟು. ಆದುದರಿಂದ ಪರಿಧಿ ಎಷ್ಟು ಹೆಚ್ಚಿತೋ ಅದನ್ನು 6.28ರಿಂದ ಭಾಗಿಸಿದಷ್ಟು ತ್ರಿಜ್ಯ ಹೆಚ್ಚುತ್ತದೆ. ಮೊದಲಿನ ತ್ರಿಜ್ಯ ಎಷ್ಟಿತ್ತೆಂಬುದು ಲೆಕ್ಕಕ್ಕೆ ಬಾರದು.

ಬುದ್ಧಿ ಒಪ್ಪಿದರೂ ಮನಸ್ಸು ಒಪ್ಪದಿದ್ದರೆ, ಕಲ್ಯಾಣದುರ್ಗದ ಕಡೆಯ ಚೌಕಾಕಾರದ ಕಡಲೆಕಾಯಿ ಹೊಲವೊಂದನ್ನು ನೆನೆಯಿರಿ. ಅದರ ಬೇಲಿಯನ್ನು ನಾಲ್ಕೂ ಕಡೆ ಒಂದೊಂದು ಮೀಟರ್ ಹೊರಕ್ಕೆ ಸರಿಸಿದರೆ ಬೇಲಿ ಎಷ್ಟು ಹೆಚ್ಚಾಗಬೇಕು? ಬದಿಗಳ ನೇರ ಭಾಗ ಇದ್ದಷ್ಟೇ ಇರುತ್ತದೆ. ಮೂಲೆಗಳಲ್ಲಿ ಮಾತ್ರ ಎರಡೆರಡು ಮೀಟರ್, ಒಟ್ಟು ಎಂಟು ಮೀಟರ್ ಬೇಕು. ಹೊಲ ಒಂದು ಎಕರೆಯದಾಗಲಿ, ನೂರು ಎಕರೆಯದಾಗಲಿ, ಎಂಟೇ ಮೀಟರ್. ವೃತ್ತದಲ್ಲಿ ಆ ಮೂಲೆಗಳ ತಿರುವು ಸುತ್ತಲೂ ಹರಡಿಕೊಂಡಿದೆ, ಅಷ್ಟೆ. ನಾಲ್ಕು ಕೋಟಿಯ ಮುಂದೆ ಒಂದು ಎಷ್ಟರದು ಎಂದು ಮನಸ್ಸು ಪ್ರಮಾಣವನ್ನು ನೋಡುತ್ತದೆ. ಪ್ರಶ್ನೆ ಕೇಳಿದ್ದಾದರೋ ವ್ಯತ್ಯಾಸವನ್ನು. ತಪ್ಪುವುದು ಇಲ್ಲಿಯೇ.

ಈ ತಪ್ಪು ಆಟದ ಮೈದಾನದಲ್ಲಿ ಮಕ್ಕಳಿಗೆ ಅನ್ಯಾಯ ಮಾಡಬಲ್ಲದು. 1.22 ಮೀಟರ್ ಅಗಲದ ಓಟದ ಪಥಗಳಲ್ಲಿ, ಪೂರ್ತಿ ಒಂದು ಸುತ್ತಿಗೆ ಪ್ರತಿಯೊಂದು ಹೊರಪಥವೂ ತನ್ನ ಒಳಪಥಕ್ಕಿಂತ 7.66 ಮೀಟರ್ ಉದ್ದ. 400 ಮೀಟರ್ ಮೈದಾನದಲ್ಲಿ 200 ಮೀಟರ್ ಓಟವು ಅರ್ಧ ಸುತ್ತು. ಅಲ್ಲಿ ಪಥಕ್ಕೆ 3.83 ಮೀಟರ್ ಮುಂದೆ ನಿಲ್ಲಿಸಿದರೆ ಸಾಕು. ಆದರೆ ನಮ್ಮ ಊರುಗಳಂಥ ಕಡೆ ಚಿಕ್ಕ ಮೈದಾನದಲ್ಲಿ 200 ಮೀಟರ್ ಸುತ್ತನ್ನೇ ಗುರುತು ಹಾಕಿದಾಗ ಆ ಓಟವು ಪೂರ್ತಿ ಸುತ್ತಾಗುತ್ತದೆ. ಮೈದಾನ ಚಿಕ್ಕದಾಯಿತೆಂದು ಒಂದು ಸುತ್ತಿನ 7.66 ಚಿಕ್ಕದಾಗದು. ಇಲ್ಲಿಯೂ 3.83ನ್ನೇ ಬಳಸಿದರೆ ಆರನೆಯ ಪಥದ ಮಗು ಮೊದಲನೆಯ ಪಥದ ಮಗುವಿಗಿಂತ 19 ಮೀಟರ್ ಹೆಚ್ಚು ಓಡಬೇಕಾಗುತ್ತದೆ. ಸೋತ ಮಗುವಿಗೆ ಅದು ತಿಳಿಯುವುದೂ ಇಲ್ಲ.

ಇಂಥ ವಿಚಾರ ನಮ್ಮ ನಾಡಿಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿದ್ದ ಮಹಾವೀರಾಚಾರ್ಯನು ಸೂಕ್ಷ್ಮ ಗಣನೆಗೆ ವ್ಯಾಸವನ್ನು ಹತ್ತರ ವರ್ಗಮೂಲದಿಂದ ಗುಣಿಸಿ ಪರಿಧಿಯನ್ನು ಪಡೆದನು. ಅವನ ಲೆಕ್ಕದಂತೆ ನಮ್ಮ ಹಗ್ಗದ ಅಂತರ 15.8 ಸೆಂಟಿಮೀಟರ್, ಇಂದಿನ ಲೆಕ್ಕದಂತೆ 15.9. ಮುಂದೆ 12ನೆಯ ಶತಮಾನದಲ್ಲಿ ರಾಜಾದಿತ್ಯನು ಕ್ಷೇತ್ರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಆ ಕನ್ನಡದಲ್ಲಿಯೇ ಗಣಿತ ಕಲಿತ ನಾವು, ಮುಂದಿನ ಕ್ರೀಡಾಕೂಟದಂದು ಒಂದು ಅಳತೆಪಟ್ಟಿ ಹಿಡಿದು ಮಕ್ಕಳೊಡನೆ ಮೈದಾನಕ್ಕೆ ಇಳಿಯೋಣ.