ವೀಸಾ ಬೇಡವೆಂದರೂ ‘ವಾಪಸ್ ಬರುತ್ತೇನೆ’ ಎಂಬುದಕ್ಕೆ ದಾಖಲೆ ಬೇಕು

ರಾರಾವಿಯವರು ಆಂಧ್ರದ ಆದೋನಿಗೆ ಹೋಗಿ ಬರುವಾಗ ‘ಯಾವಾಗ ವಾಪಸ್ ಹೋಗುತ್ತೀರಿ?’ ಎಂದು ಯಾರೂ ಕೇಳುವುದಿಲ್ಲ. ಹೊರದೇಶಕ್ಕೆ ಕಾಲಿಡುವಾಗ ಮಾತ್ರ ಅದೇ ದೊಡ್ಡ ಪ್ರಶ್ನೆ. ಮಕ್ಕಳನ್ನು ನೋಡಲೆಂದೋ ಪ್ರವಾಸಕ್ಕೆಂದೋ ವಿಮಾನ ಹತ್ತುವ ಹೈನುಗಾರ ತಾಯಂದಿರು ಇದನ್ನು ತಿಳಿದಿರುವುದು ಒಳ್ಳೆಯದು.

ಉದಾಹರಣೆಗೆ ಮಲೇಷ್ಯಾ. 2023ರ ಡಿಸೆಂಬರ್ 1ರಿಂದ ಆ ದೇಶ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಇಲ್ಲದೆ ಪ್ರವೇಶ ಕೊಡುತ್ತಿದೆ. ವೀಸಾ ಬೇಡ ಎಂದರೆ ತಪಾಸಣೆಯೇ ಇಲ್ಲ ಎಂದಲ್ಲ. ವೀಸಾ ಕಚೇರಿಯಲ್ಲಿ ಕೇಳುವ ಪ್ರಶ್ನೆಗಳನ್ನು ವಿಮಾನ ನಿಲ್ದಾಣದಲ್ಲೇ ಕೇಳುತ್ತಾರೆ. ಒಳಗೆ ಬಿಡದ ಪ್ರಯಾಣಿಕರನ್ನು ವಿಮಾನ ಕಂಪನಿಯೇ ವಾಪಸ್ ಕರೆತರಬೇಕಾಗುತ್ತದೆ. ಆದ್ದರಿಂದ ಬೆಂಗಳೂರಿನ ಕೌಂಟರಿನಲ್ಲೇ ಮೊದಲ ತಪಾಸಣೆ ನಡೆಯಬಹುದು.

ಕೈಯಲ್ಲಿ ಇರಬೇಕಾದವು:

• ಮರಳಿ ಬರುವ ಟಿಕೆಟ್. ದಿನಾಂಕ 30 ದಿನಗಳ ಒಳಗಿರಲಿ.
• ಉಳಿಯುವ ಹೋಟೆಲಿನ ಬುಕಿಂಗ್, ಇಲ್ಲವೇ ಮಕ್ಕಳ ಮನೆಯ ವಿಳಾಸ ಮತ್ತು ಫೋನ್ ನಂಬರ್.
• ಖರ್ಚಿಗೆ ಸಾಕಾಗುವಷ್ಟು ಹಣ ಇದೆ ಎಂಬುದಕ್ಕೆ ಪುರಾವೆ.
• ಕನಿಷ್ಠ 6 ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟ್.
• ಮಲೇಷ್ಯಾಕ್ಕಾದರೆ, ತಲುಪುವ ಹಿಂದಿನ 3 ದಿನಗಳಲ್ಲಿ ಆನ್‌ಲೈನ್‌ನಲ್ಲಿ ತುಂಬುವ ಆಗಮನ ಪತ್ರ. ಇದು ಉಚಿತ.

ನೌಕರರಾದರೆ ರಜೆ ಪತ್ರ ತೋರಿಸುತ್ತಾರೆ. ನಮಗೆ ರಜೆ ಕೊಡುವವರು ಯಾರು? ಆದರೆ ನಮ್ಮ ಬಳಿಯೂ ಪುರಾವೆ ಇದೆ. ಹಾಲಿನ ಹಣ ಜಮೆಯಾಗುವ ಬ್ಯಾಂಕ್ ಪಾಸ್‌ಬುಕ್, ಸಂಘದ ಸದಸ್ಯತ್ವ, ಹೆಸರಿನಲ್ಲಿದ್ದರೆ ಹೊಲದ ಪಹಣಿ. ಇವುಗಳ ಪ್ರತಿ ಜೊತೆಗಿರಲಿ. ಸಂಘದ ಕಾರ್ಯದರ್ಶಿಯಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಂಡರೆ ಇನ್ನೂ ಅನುಕೂಲ. ಇವು ಕಡ್ಡಾಯವಲ್ಲ, ಅಧಿಕಾರಿ ಅನುಮಾನಪಟ್ಟಾಗ ನೆರವಿಗೆ ಬರುತ್ತವೆ. ‘ಎಮ್ಮೆ ಸಾಕಿದ್ದೇನೆ, ಡೇರಿಗೆ ಹಾಲು ಹಾಕುತ್ತೇನೆ, ಇಂಥ ದಿನ ವಾಪಸ್’ ಎಂದು ನೇರವಾಗಿ ಹೇಳಿ. ಸುಳ್ಳು ಟಿಕೆಟ್ ಮಾಡಿಕೊಡುವ ಏಜೆಂಟರನ್ನು ನಂಬಬೇಡಿ. ಟಿಕೆಟ್ ನಂಬರ್ ಹಾಕಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ಮಾತು. ವೀಸಾ ಇಲ್ಲದ ಪ್ರವೇಶ ನೋಡಿ ಬರಲು ಮಾತ್ರ, ದುಡಿಯಲು ಅಲ್ಲ. ‘ಟೂರಿಸ್ಟ್ ಎಂದು ಹೇಳಿ ಒಳಗೆ ಹೋಗು, ಕೆಲಸ ಆಮೇಲೆ’ ಎಂದು ಯಾರಾದರೂ ಮಗನಿಗೆ ಹೇಳಿದರೆ ಅದು ಮೋಸದ ಗುರುತು. ಕೆಲಸದ ಆಸೆಗೆ ಮ್ಯಾನ್ಮಾರಿನ ಸೈಬರ್ ವಂಚನೆ ಕೇಂದ್ರಗಳಲ್ಲಿ ಸಿಕ್ಕಿಬಿದ್ದಿದ್ದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ಥಾಯ್ಲೆಂಡ್ ಮೂಲಕ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ ಗುರುತು ಇರುತ್ತದೆ. ಅಂಥವರು ಪ್ರವಾಸಕ್ಕೆ ಹೋಗಲು ಅಡ್ಡಿಯಿಲ್ಲ. ಮಲೇಷ್ಯಾ, ಥಾಯ್ಲೆಂಡ್, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವುದಾದರೆ ಮಾತ್ರ ಸರ್ಕಾರದ ವಲಸೆ ಅನುಮತಿ ಬೇಕು.

ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ಕೊಳ್ಳುವ ಮುನ್ನ ಆ ದೇಶದ ರಾಯಭಾರ ಕಚೇರಿಯ ಮಾಹಿತಿಯನ್ನು ಮಕ್ಕಳಿಂದ ಓದಿಸಿ ಕೇಳಿ.