ಮೂರು ವಾರಗಳ ಋತು

ಋತುವೆಂಬ ಮಾತನ್ನು ನಾವು ಮಳೆಬೆಳೆಗಳಿಂದ ಕಲಿತವರು. ಬಿತ್ತುವುದಕ್ಕೊಂದು ಕಾಲ, ಕಳೆ ಕೀಳುವುದಕ್ಕೊಂದು ಕಾಲ, ಒಕ್ಕಣೆಗೊಂದು ಕಾಲವೆಂದು ವರ್ಷವನ್ನು ಪಾಲು ಮಾಡಿಕೊಂಡು ಬಾಳಿದ ಜನಕ್ಕೆ, ಏನಾದರೊಂದು ಮೊಳೆತು, ಬೆಳೆದು, ಮಾಗುವುದಕ್ಕೆ ಸಾಕಾಗುವಷ್ಟು ಅವಧಿಯೇ ಋತುವೆಂದು ತೋರುವುದು ಸಹಜ. ಈಗ ಕ್ರೀಡಾವರದಿಗಳಲ್ಲಿಯೂ ಈ ಮಾತು ರೂಢಿಗೆ ಬಂದಿದೆ. ನಮ್ಮ ದೇಶದ ಮಹಿಳಾ ಫುಟ್‌ಬಾಲಿನ ಅತ್ಯುನ್ನತ ಸ್ಪರ್ಧೆಯಾದ ಭಾರತೀಯ ಮಹಿಳಾ ಲೀಗಿನ ನಾಲ್ಕನೆಯ ಋತು 2020ರ ಜನವರಿ 24ರಂದು ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೊದಲಾಗಿ, ಫೆಬ್ರವರಿ 14ರಂದು ಅಲ್ಲಿಯೇ ಮುಗಿಯಿತು. ಎಣಿಸಿದರೆ 22 ದಿನ. ನಮ್ಮ ರೈತರ ಮಳೆನಕ್ಷತ್ರದ ಲೆಕ್ಕಕ್ಕೆ ಹಿಡಿದರೆ ಪೂರಾ ಎರಡು ಮಳೆಗೂ ಸಾಲದು.

ಲೀಗ್ ಎಂಬುದಕ್ಕೆ ಫುಟ್‌ಬಾಲಿನಲ್ಲಿ ಖಚಿತವಾದ ಅರ್ಥವುಂಟು. ಪ್ರತಿಯೊಂದು ತಂಡವೂ ಉಳಿದ ಪ್ರತಿಯೊಂದು ತಂಡದೊಡನೆ ಎರಡು ಸಲ, ಒಮ್ಮೆ ತನ್ನ ಊರಿನಲ್ಲಿ, ಮತ್ತೊಮ್ಮೆ ಎದುರಾಳಿಯ ಊರಿನಲ್ಲಿ, ಸೆಣಸಬೇಕು. ಗೆದ್ದರೆ ಮೂರು ಅಂಕ, ಸಮನಾದರೆ ಒಂದು. ತಿಂಗಳುಗಟ್ಟಲೆ ಸಾಗುವ ಈ ಕ್ರಮದಲ್ಲಿ ಒಂದು ದಿನದ ಅದೃಷ್ಟವೂ ಒಂದು ದಿನದ ದುರದೃಷ್ಟವೂ ಸವೆದುಹೋಗಿ ತಂಡದ ನಿಜವಾದ ಸತ್ತ್ವವೊಂದೇ ಉಳಿಯಬೇಕೆಂಬುದು ಅದರ ತತ್ತ್ವ. ಗಂಡಸರಿಗೆ ರಾಷ್ಟ್ರೀಯ ಲೀಗ್ 1996ರಲ್ಲಿಯೇ ದೊರಕಿತು. ಹೆಂಗಸರು ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. ಕಾದು ಪಡೆದುದಾದರೂ ಹೆಸರಿಗೆ ಮಾತ್ರ ಲೀಗ್. ಮೊದಲು ದೆಹಲಿ, ಅನಂತರ ಶಿಲ್ಲಾಂಗ್, ಆಮೇಲೆ ಲೂಧಿಯಾನ, ಹೀಗೆ ಒಂದೊಂದು ವರ್ಷ ಒಂದೊಂದು ಊರಿನಲ್ಲಿ ಎಲ್ಲರನ್ನೂ ಕೂಡಿಸಿ, ಜಾತ್ರೆ ಕಟ್ಟಿದಂತೆ ಕಟ್ಟಿ, ಜಾತ್ರೆ ಮುರಿದಂತೆ ಮುರಿದುಬಿಡುವ ಏರ್ಪಾಡು ಅದು. ಬೆಂಗಳೂರಿಗೆ ಬಂದ ಹನ್ನೆರಡು ತಂಡಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿದ್ದರು. ಗುಂಪಿನಲ್ಲಿ ಐದು ಪಂದ್ಯ, ಆಮೇಲೆ ಉಪಾಂತ್ಯ, ಕೊನೆಗೆ ಅಂತಿಮ. ಪ್ರಶಸ್ತಿ ಗೆದ್ದ ತಂಡವೂ ಒಟ್ಟಿನಲ್ಲಿ ಆಡಿದುದು ಏಳೇ ಪಂದ್ಯ. ಪಂದ್ಯಕ್ಕೆ ತೊಂಬತ್ತು ನಿಮಿಷದಂತೆ ಲೆಕ್ಕ ಹಾಕಿದರೆ, ವರ್ಷವಿಡೀ ಬೆವರು ಸುರಿಸಿದ ಆಟಗಾರ್ತಿಗೆ ರಾಷ್ಟ್ರೀಯ ಲೀಗೆಂಬುದು ಹತ್ತೂವರೆ ಗಂಟೆಯ ಬಾಳು.

ಆದರೂ ಜಾತ್ರೆ ನೆರೆದ ನೆಲ ಸಾಮಾನ್ಯವಾದುದಲ್ಲ. ಮೈಸೂರು ಸಂಸ್ಥಾನದ ಕಾಲದಿಂದಲೂ ಬೆಂಗಳೂರಿನ ದಂಡುಪ್ರದೇಶದ ಮಕ್ಕಳಿಗೆ ಕಾಲ್ಚೆಂಡು ಹುಟ್ಟಿನೊಡನೆ ಬಂದ ವ್ಯಸನ. ಅಂತರರಾಜ್ಯ ಸ್ಪರ್ಧೆಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ನಾಲ್ಕು ಸಲ ಗೆದ್ದಿತ್ತು. ಗೌತಮಪುರದ ಜನ ಬ್ರೆಜಿಲಿನ ಪೆಲೆಗೆ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಇಂತಹ ಊರಿನಲ್ಲಿ ಹೆಣ್ಣುಮಕ್ಕಳ ಲೀಗ್ ಆರಂಭವಾದ ಮರುದಿನವೇ, ಮಣಿಪುರದ ಬೆಂಬೆಂ ದೇವಿಯವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿತವಾಯಿತು. ಆ ಗೌರವವನ್ನು ಪಡೆದ ಮೊದಲ ಫುಟ್‌ಬಾಲ್ ಆಟಗಾರ್ತಿ ಅವರು. ಲೀಗಿನ ಮೊದಲ ಋತುವನ್ನು ಗೆದ್ದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ತಂಡವನ್ನು ನಡೆಸಿದವರೂ ಅವರೇ ಎಂಬುದನ್ನು ನೆನೆದರೆ, ಆ ಘೋಷಣೆಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಒದಗುತ್ತಿರಲಿಲ್ಲ.

ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡದ ಪಯಣ ಉಪಾಂತ್ಯದಲ್ಲಿ ನಿಂತಿತು. ಹಿಂದಿನ ವರ್ಷದ ವಿಜೇತರಾದ ತಮಿಳುನಾಡಿನ ಸೇತು ತಂಡವೂ ಅಲ್ಲಿಯೇ ಎಡವಿತು. ಅಂತಿಮ ಪಂದ್ಯಕ್ಕೆ ಉಳಿದವರು ಕೋಳಿಕೋಡಿನ ಗೋಕುಲಂ ಕೇರಳ ಮತ್ತು ಮಣಿಪುರದ ಕ್ರಿಫ್ಸಾ. ಆಟ ಮೊದಲಾಗಿ ನಿಮಿಷ ತುಂಬುವಷ್ಟರಲ್ಲಿ ಗೋಕುಲಮ್ಮಿನ ಪರಮೇಶ್ವರಿ ದೇವಿ ಗೋಲು ಹೊಡೆದರು. 25ನೆಯ ನಿಮಿಷದಲ್ಲಿ ಅನುಭವಸ್ಥೆಯಾದ ಕಮಲಾ ದೇವಿ ಎರಡನೆಯದನ್ನು ಸೇರಿಸಿದಾಗ ಪಂದ್ಯ ಒಂದು ಕಡೆಗೆ ವಾಲಿತೆಂದೇ ತೋರಿತು. ಆದರೆ 33ನೆಯ ನಿಮಿಷದಲ್ಲಿ ಡಾಂಗ್ಮೆಯಿ ಗ್ರೇಸ್ ಒಂದು ಗೋಲನ್ನು ಹಿಂದಿರುಗಿಸಿದರು. 72ರಲ್ಲಿ ರತನಬಾಲಾ ದೇವಿ ತಕ್ಕಡಿಯನ್ನು ಸಮ ಮಾಡಿದರು. ಇನ್ನು ಹೆಚ್ಚಿನ ಅವಧಿಯ ಆಟವೇ ಗತಿಯೆಂದು ಎಲ್ಲರೂ ಎಣಿಸುತ್ತಿರುವಾಗ, 87ನೆಯ ನಿಮಿಷದಲ್ಲಿ ನೇಪಾಳದ ಸಾಬಿತ್ರಾ ಭಂಡಾರಿಯವರ ಗೋಲು ಬಿದ್ದಿತು. ಮೂರಕ್ಕೆ ಎರಡು. ಹಿಂದಿನ ವರ್ಷ ಸೇತು ತಂಡದಲ್ಲಿದ್ದುಕೊಂಡು ಪ್ರಶಸ್ತಿಯನ್ನು ಕಂಡಿದ್ದ ಸಾಬಿತ್ರಾ, ಈ ವರ್ಷ ಅಂಗಿಯ ಬಣ್ಣ ಬದಲಾಯಿಸಿಯೂ ಗೆಲುವನ್ನು ಬದಲಾಯಿಸಲಿಲ್ಲ. ಪಿ. ವಿ. ಪ್ರಿಯಾ ಅವರ ತರಬೇತಿಯಲ್ಲಿ ಪಳಗಿದ ಗೋಕುಲಂ ಹೀಗೆ ರಾಷ್ಟ್ರೀಯ ಲೀಗನ್ನು ಕೇರಳಕ್ಕೆ ಕೊಂಡೊಯ್ದಿತು. ಅದೇ ಸಂಸ್ಥೆಯ ಗಂಡಸರ ತಂಡ ಐ-ಲೀಗನ್ನು ಗೆದ್ದುದು ಒಂದು ವರ್ಷದ ತರುವಾಯ, 2021ರ ಮಾರ್ಚಿನಲ್ಲಿ.

ಆ ಐದು ಗೋಲುಗಳನ್ನು ಇನ್ನೊಂದು ಬಗೆಯಲ್ಲಿಯೂ ಎಣಿಸಬಹುದು. ಗ್ರೇಸ್, ರತನಬಾಲಾ ಮಾತ್ರವಲ್ಲದೆ, ಕೇರಳದ ಪರವಾಗಿ ಹೊಡೆದ ಪರಮೇಶ್ವರಿ, ಕಮಲಾ ಇವರೂ ಮಣಿಪುರದವರೇ. ಕನ್ನಡಿಗರ ಊರಿನಲ್ಲಿ ಮಲಯಾಳಿಗಳ ತಂಡವೊಂದು ಗೆದ್ದ ಪಂದ್ಯದಲ್ಲಿ ನಾಲ್ಕು ಗೋಲು ಮಣಿಪುರದ ಕಾಲಿನವು, ಐದನೆಯದು ನೇಪಾಳದ್ದು. ಮಣಿಪುರದ ಹೆಂಗಸರು ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಗೆದ್ದವರು; ಇಂಫಾಲದಲ್ಲಿ ಹೆಂಗಸರೇ ನಡೆಸುವ ಇಮಾ ಕೈಥೆಲ್ ಎಂಬ ಮಹಾಸಂತೆಯನ್ನು ಬಲ್ಲವರಿಗೆ, ಆ ನಾಡಿನ ಹೆಣ್ಣು ಬಯಲಿಗಿಳಿದು ಆಡುವುದು ಆಶ್ಚರ್ಯವೆನಿಸದು. ಆದರೆ ಒಂದೇ ಹೊಲದ ಬೀಜದಿಂದ ಇಡೀ ದೇಶ ಬಿತ್ತನೆ ಮಾಡುತ್ತಿದೆಯೆಂದರೆ ಅದು ಮಣಿಪುರಕ್ಕೆ ಹೆಮ್ಮೆ, ಉಳಿದ ನಮಗೆಲ್ಲ ಎಚ್ಚರಿಕೆ. ಊರೂರಿನಲ್ಲಿ ಪಂದ್ಯ ನಡೆದರಲ್ಲವೆ ಊರೂರಿನ ಹುಡುಗಿಯರು ಬೇಲಿಯಾಚೆ ನಿಂತು ನೋಡಿ ತಾವೂ ಆಡಬೇಕೆನ್ನುವುದು? ಹತ್ತೂವರೆ ಗಂಟೆಯ ಲೀಗು ಒಂದೂರಿನಲ್ಲಿಯೇ ಮುಗಿದುಹೋದರೆ ಆ ಬೇಲಿಯಾದರೂ ಎಲ್ಲಿ?

ಜಾತ್ರೆ ಮುರಿದ ಮರುತಿಂಗಳೇ ಸಾಂಕ್ರಾಮಿಕ ರೋಗ ದೇಶದ ಮೈದಾನಗಳನ್ನೆಲ್ಲ ಮುಚ್ಚಿಸಿತು. ಮುಂದಿನ ಋತು ನಡೆಯಲೇ ಇಲ್ಲ. ಬೆಂಗಳೂರಿನಲ್ಲಿ ಗಳಿಸಿದ ಅರ್ಹತೆಯಿಂದ ಗೋಕುಲಂ 2021ರ ನವೆಂಬರಿನಲ್ಲಿ ಜೋರ್ಡಾನಿನ ಅಕಾಬಕ್ಕೆ ಹೋಗಿ, ಉಜ್ಬೇಕಿಸ್ತಾನದ ಬುನ್ಯೋದ್ಕರ್ ತಂಡವನ್ನು 3-1ರಿಂದ ಸೋಲಿಸಿತು. ಏಷ್ಯಾದ ಕ್ಲಬ್ ಸ್ಪರ್ಧೆಯಲ್ಲಿ ಭಾರತೀಯ ಮಹಿಳಾ ತಂಡಕ್ಕೆ ಸಂದ ಮೊದಲ ಜಯ ಅದು. ಮತ್ತೆ ಲೀಗನ್ನು ಗೆದ್ದು 2022ರ ಆಗಸ್ಟಿನಲ್ಲಿ ತಾಷ್ಕೆಂಟಿನವರೆಗೆ ಹೋದ ಅದೇ ತಂಡ ಒಂದು ಪಂದ್ಯವನ್ನೂ ಆಡದೆ ಮರಳಬೇಕಾಯಿತು. ನಮ್ಮ ಫುಟ್‌ಬಾಲ್ ಒಕ್ಕೂಟವನ್ನು ಫಿಫಾ ಅಮಾನತಿನಲ್ಲಿಟ್ಟಿತ್ತು. ಆಡಳಿತಗಾರರ ಜಗಳದ ದಂಡವನ್ನು ತೆತ್ತವರು ಅದರಲ್ಲಿ ಪಾಲಿಲ್ಲದ ಹೆಣ್ಣುಮಕ್ಕಳು. 2023ರಲ್ಲಿ ಅಹಮದಾಬಾದಿನಲ್ಲಿ ಗೋಕುಲಂ ಮತ್ತೊಮ್ಮೆ ಗೆದ್ದಾಗ ಅಂತಿಮ ಪಂದ್ಯದಲ್ಲಿ ಎದುರು ನಿಂತು ಸೋತದ್ದು ನಮ್ಮ ಕಿಕ್‌ಸ್ಟಾರ್ಟ್.

ಆ ವರ್ಷದ ಡಿಸೆಂಬರಿನಲ್ಲಿ ಜಾತ್ರೆಯ ಏರ್ಪಾಡನ್ನು ಕೈಬಿಟ್ಟರು. ತಂಡಗಳು ಏಳೇ ಆದರೂ, ತವರಿನಲ್ಲೊಮ್ಮೆ ಪರವೂರಿನಲ್ಲೊಮ್ಮೆ ಆಡುವ ಕ್ರಮದಿಂದ ಒಂದೊಂದಕ್ಕೂ ಹನ್ನೆರಡು ಪಂದ್ಯ ದೊರೆಯಿತು. ಋತು ಮಾರ್ಚಿನವರೆಗೆ ಹಬ್ಬಿತು. ಒಡಿಶಾ ತಂಡ ಗೆದ್ದಿತು. ಮರುವರ್ಷ ತಂಡಗಳು ಎಂಟಾದುವು, ಪಂದ್ಯಗಳು ಹದಿನಾಲ್ಕಾದುವು, ಪ್ರಶಸ್ತಿ ಕೊಲ್ಕತ್ತದ ಈಸ್ಟ್ ಬೆಂಗಾಲಿಗೆ ಸಂದಿತು. ಹಿಂದಿನ ವರ್ಷವಷ್ಟೆ ಪ್ರಶಸ್ತಿಯನ್ನೆತ್ತಿದ್ದ ಒಡಿಶಾ ತಂಡವೋ, ಪಟ್ಟಿಯ ಕೆಳಗಡೆಯ ಎರಡರಲ್ಲಿ ಒಂದಾಗಿ, ಮೇಲಣ ಶ್ರೇಣಿಯಿಂದಲೇ ಜಾರಿತು. ಆ ಆಟಗಾರ್ತಿಯರ ಪಾಲಿಗೆ ಇದು ಕಹಿಯೇ ಸರಿ. ಆದರೆ 22 ದಿನಗಳ ಜಾತ್ರೆಯಲ್ಲಿ ಇಂತಹ ಏರಿಳಿತಕ್ಕೆ ಎಡೆಯೇ ಇರಲಿಲ್ಲ; ಅಲ್ಲಿ ಸೋತವರು ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು, ಅಷ್ಟೆ. ಸುಗ್ಗಿಯಂತೆ ಬರಗಾಲವೂ ಬರಬಲ್ಲುದಾದರೆ, ಆಗ ಅದನ್ನು ಋತುವೆಂದು ಕರೆಯಲು ರೈತನೂ ಒಪ್ಪಿಯಾನು.